ಡಿಪ್ಲಾಯ್ ಬಟನ್ ಒತ್ತಿದ ಮೇಲೆ ಒಳಗಡೆ ಏನಾಗತ್ತೆ

ಸ್ಕ್ರೀನ್ ಮೇಲೆ ನಾಲ್ಕೂ ಸರ್ವೀಸ್ ಮುಂದೆ ಹಸಿರು ಚುಕ್ಕೆ. ರನ್ನಿಂಗ್, ರನ್ನಿಂಗ್, ರನ್ನಿಂಗ್, ರನ್ನಿಂಗ್. ಬ್ರೌಸರ್‌ನಲ್ಲಿ ಪೇಜ್ ತೆಗೆದ್ರೆ ಮಾತ್ರ ಮೇಲಿನ ಮೆನು ಬರತ್ತೆ, ಹುಡುಕೋ ಡಬ್ಬಿ ಬರತ್ತೆ, ಪುಸ್ತಕಗಳ ಪಟ್ಟಿ ಬರಬೇಕಾದ ಜಾಗ ಖಾಲಿ. ಮೈಕ್ರೋಸರ್ವೀಸ್ ಅಪ್ಲಿಕೇಶನ್ನ, ಅಂದ್ರೆ ಸಣ್ಣ ಸಣ್ಣ ಪ್ರೋಗ್ರಾಂಗಳಾಗಿ ಒಡೆದು ಮಾಡಿದ್ದನ್ನ, ಮೊದಲ ಸಲ ಕ್ಲೌಡ್ ನೇಟಿವ್ ಪ್ಲಾಟ್‌ಫಾರ್ಮ್ ಮೇಲೆ ಹಾಕಿದ (ಇದಕ್ಕೇ ಡಿಪ್ಲಾಯ್ ಅನ್ನೋದು) ಯಾರನ್ನ ಬೇಕಾದ್ರೂ ಕೇಳಿ, ಇದೇ ಥರದ ಒಂದು ಕಥೆ ಇದ್ದೇ ಇರತ್ತೆ. ಎಲ್ಲಾ ಸರಿ ಇದೆ ಅಂತ ಪ್ಲಾಟ್‌ಫಾರ್ಮ್ ಹೇಳ್ತಿದೆ, ಏನೂ ಸರಿ ಇಲ್ಲ ಅಂತ ಬ್ರೌಸರ್ ಹೇಳ್ತಿದೆ, ಇಬ್ಬರೂ ಸುಳ್ಳು ಹೇಳ್ತಿಲ್ಲ.

ಇದು ಯಾಕೆ ಹೀಗೆ ಅಂತ ಅರ್ಥ ಆಗ್ಬೇಕಂದ್ರೆ ಒಂದು ವಿಷಯ ತಲೆಗೆ ಹೋಗ್ಬೇಕು: ಡಿಪ್ಲಾಯ್ ಬಟನ್ ಒತ್ತಿದಾಗ ನೀವು ಕೊಡೋದು ಆಜ್ಞೆ ಅಲ್ಲ, ಅರ್ಜಿ. "ಈ ಪ್ರೋಗ್ರಾಂನ ಓಡಿಸು" ಅಂತ ನೀವು ಯಾರಿಗೂ ಹೇಳ್ತಿಲ್ಲ. "ಈ ಪ್ರೋಗ್ರಾಂ ಮೂರು ಪ್ರತಿ ಓಡ್ತಾ ಇರಬೇಕು ಅಂತ ನನ್ನ ಆಸೆ" ಅಂತ ಬರೆದು ಕೊಡ್ತೀರ ಅಷ್ಟೆ, ಅದು ದಾಖಲಾಗತ್ತೆ, ಆಮೇಲೆ ಅದನ್ನ ನಿಜ ಮಾಡೋಕೆ ಒಳಗಡೆ ಹತ್ತಾರು ಜನ ಗುಮಾಸ್ತರ ಥರದ ಸಣ್ಣ ಸಣ್ಣ ಪ್ರೋಗ್ರಾಂಗಳು ತಮ್ಮ ತಮ್ಮ ಪಾಡಿಗೆ ಓಡಾಡ್ತವೆ. ಅರ್ಜಿ ಸ್ವೀಕಾರ ಆಯ್ತು ಅನ್ನೋದಕ್ಕೂ ಕೆಲಸ ಆಯ್ತು ಅನ್ನೋದಕ್ಕೂ ಮಧ್ಯೆ ಎಷ್ಟು ದೂರ ಅಂತ ಬಿಡಿಸಿ ಹೇಳ್ಬೇಕಾ.

ಉದಾಹರಣೆಗೆ ಒಂದು ಲೈಬ್ರರಿ ಅಪ್ಲಿಕೇಶನ್ ಇಟ್ಕೊಳ್ಳೋಣ. ನಾಲ್ಕು ತುಂಡು. ಜನ ನೋಡೋ ಪುಟ ತೋರಿಸೋ "ಫ್ರಂಟ್", ಪುಸ್ತಕಗಳ ಮಾಹಿತಿ ಕೊಡೋ "ಕೆಟಲಾಗ್", ಯಾರು ಯಾವ ಪುಸ್ತಕ ತಗೊಂಡಿದ್ದಾರೆ ಅಂತ ಲೆಕ್ಕ ಇಡೋ "ಎರವಲು", ವಾಪಸ್ ಕೊಡೋ ದಿನ ಬಂತು ಅಂತ ಮೆಸೇಜ್ ಕಳಿಸೋ "ನೋಟಿಫೈ". ಒಂದೊಂದೂ ಬೇರೆ ಬೇರೆ ಪ್ರೋಗ್ರಾಂ, ಬೇಕಾದ್ರೆ ಬೇರೆ ಬೇರೆ ಭಾಷೇಲಿ ಬರೆದಿದ್ದು, ಒಂದಕ್ಕೊಂದು ನೆಟ್‌ವರ್ಕ್ ಮೂಲಕ ಮಾತಾಡ್ತವೆ. ಇದರ ಲಾಭ ಏನಂದ್ರೆ ನೋಟಿಫೈನಲ್ಲಿ ಒಂದು ಸಾಲು ಬದಲಾಯಿಸೋಕೆ ಇಡೀ ಅಪ್ಲಿಕೇಶನ್ ನಿಲ್ಲಿಸ್ಬೇಕಾಗಿಲ್ಲ, ಕೆಟಲಾಗ್ ಮೇಲೆ ಲೋಡ್ ಜಾಸ್ತಿ ಆದ್ರೆ ಅದೊಂದನ್ನೇ ದೊಡ್ಡದು ಮಾಡಬಹುದು. ನಷ್ಟ ಏನಂದ್ರೆ ಮುಂಚೆ ಒಂದು ಫಂಕ್ಷನ್ ಕಾಲ್ ಆಗಿದ್ದಿದ್ದು ಈಗ ನೆಟ್‌ವರ್ಕ್ ಕಾಲ್, ಅದು ತಡ ಆಗಬಹುದು, ಬರದೇನೂ ಇರಬಹುದು. ಒಂದೊಂದು ಸರ್ವೀಸ್ 99.9% ಹೊತ್ತು ಸರಿಯಾಗಿದೆ ಅಂತ ಇಟ್ಕೊಳ್ಳಿ, ಒಂದು ರಿಕ್ವೆಸ್ಟ್ ಅಂಥ 30 ಸರ್ವೀಸ್ ದಾಟಿ ಹೋಗ್ಬೇಕಂದ್ರೆ ಗುಣಿಸಿ ನೋಡಿದ್ರೆ ಸುಮಾರು 97% ಮಾತ್ರ ಉಳಿಯತ್ತೆ. ಮೂರು ಜನರ ಟೀಮ್ ಇಟ್ಕೊಂಡು ಇಪ್ಪತ್ತು ಮೈಕ್ರೋಸರ್ವೀಸ್ ಮಾಡೋರನ್ನ ನೋಡಿದ್ರೆ ನನಗೆ ಸುಮ್ನೆ ಗಂಟು ಹಾಕ್ಕೊಂಡ್ರಲ್ಲ ಅನ್ಸತ್ತೆ, ಆದ್ರೆ ಅದು ಬೇರೆ ಜಗಳ, ಇರಲಿ.

ಮೊದಲ ಕೆಲಸ ಪ್ಲಾಟ್‌ಫಾರ್ಮ್‌ಗೆ ಬರೋಕೆ ಮುಂಚೆನೇ ಇದೆ. ಪ್ರತಿ ಸರ್ವೀಸನ್ನೂ ಕಂಟೇನರ್ ಇಮೇಜ್ ಮಾಡ್ಬೇಕು, ಅಂದ್ರೆ ಆ ಪ್ರೋಗ್ರಾಂ, ಅದಕ್ಕೆ ಬೇಕಾದ ಲೈಬ್ರರಿ, ಫೈಲ್ ಎಲ್ಲಾ ಸೇರಿಸಿ ಕಟ್ಟಿದ ಒಂದು ಗಂಟು. ಈ ಕಂಟೇನರ್ ಒಳಗಿರೋ ತಂತ್ರ ಹಳೇದೇ, ಲಿನಕ್ಸ್ ಕರ್ನಲ್‌ಗೆ ಸಿಗ್ರೂಪ್ಸ್ (ಯಾವ ಪ್ರೋಗ್ರಾಂ ಎಷ್ಟು ಮೆಮೊರಿ, ಸಿಪಿಯು ಬಳಸಬಹುದು ಅಂತ ಮಿತಿ ಹಾಕೋದು) ಬಂದಿದ್ದು 2008ರಲ್ಲಿ, ಆದ್ರೆ 2013ರಲ್ಲಿ ಡಾಕರ್ ಅನ್ನೋ ಸಾಧನ ಬಂದ ಮೇಲೇನೇ ಅದು ಎಲ್ಲರ ಕೈಗೆ ಸಿಗೋ ಹಾಗಾಗಿದ್ದು. ಇಮೇಜ್ ರೆಡಿ ಆದ್ಮೇಲೆ ಅದನ್ನ ರಿಜಿಸ್ಟ್ರಿ ಅನ್ನೋ ಉಗ್ರಾಣಕ್ಕೆ ತಳ್ಬೇಕು, ಪ್ಲಾಟ್‌ಫಾರ್ಮ್ ಅಲ್ಲಿಂದ ಎಳ್ಕೊಳ್ಳತ್ತೆ. ಇಲ್ಲೊಂದು ಮಾತು: ಇಮೇಜ್‌ಗೆ "ಲೇಟೆಸ್ಟ್" ಅನ್ನೋ ಟ್ಯಾಗ್ ಮಾತ್ರ ಹಾಕ್ಬೇಡಿ. ಇವತ್ತಿನ ಲೇಟೆಸ್ಟ್ ಬೇರೆ, ನಾಳೆಯ ಲೇಟೆಸ್ಟ್ ಬೇರೆ, ಒಂದು ಮೆಷಿನ್‌ನಲ್ಲಿ ನಿನ್ನೆ ಎಳ್ಕೊಂಡಿದ್ದು ಇನ್ನೊಂದರಲ್ಲಿ ಇವತ್ತು ಎಳ್ಕೊಂಡಿದ್ದು ಎರಡೂ ಒಂದೇ ಹೆಸರಲ್ಲಿ ಓಡ್ತಿದ್ರೆ ಯಾವ ಬಗ್ ಯಾವುದರದ್ದು ಅಂತ ಹುಡುಕೋದು ಅಂದ್ರೆ ದೇವರೇ ಗತಿ. ಪ್ರತಿ ಬಿಲ್ಡ್‌ಗೂ ಬೇರೆ ನಂಬರ್ ಹಾಕಿ, ಮುಗೀತು.

ಇನ್ನು ಪ್ಲಾಟ್‌ಫಾರ್ಮ್. ರ್‍ಯಾಂಚರ್, ಓಪನ್‌ಶಿಫ್ಟ್, ಕ್ಯೂಬ್‌ಸ್ಫಿಯರ್ ಹೀಗೆ ಹೆಸರುಗಳು ಬೇಕಾದಷ್ಟಿವೆ, ಮೇಲಿನ ಬಣ್ಣ ಮೆನು ಎಲ್ಲಾ ಬೇರೆ ಬೇರೆ, ತಳದಲ್ಲಿ ಇರೋದು ಮಾತ್ರ ಒಂದೇ, ಕುಬರ್ನೆಟಿಸ್, ಅಂದ್ರೆ ಕಂಟೇನರ್‌ಗಳನ್ನ ಹಲವು ಮೆಷಿನ್‌ಗಳ ಮೇಲೆ ಓಡಿಸಿ ನೋಡ್ಕೊಳ್ಳೋ ವ್ಯವಸ್ಥೆ. ಗ್ರೀಕ್ ಭಾಷೇಲಿ ಹಾಗಂದ್ರೆ ಹಡಗಿನ ಚುಕ್ಕಾಣಿ ಹಿಡಿಯೋವ್ನು. ಗೂಗಲ್ ಒಳಗಡೆ ಬೋರ್ಗ್ ಅನ್ನೋ ವ್ಯವಸ್ಥೆ ನಡೆಸಿ ಕಲಿತ ಪಾಠದಿಂದ ಹುಟ್ಟಿದ್ದು ಇದು, 2014ರಲ್ಲಿ ಎಲ್ಲರಿಗೂ ತೆರೆದಿಟ್ರು, 2015ರ ಜುಲೈನಲ್ಲಿ 1.0 ಬಂತು. ಮೇಲಿನ ಪ್ಲಾಟ್‌ಫಾರ್ಮ್ ಏನು ಮಾಡತ್ತೆ ಅಂದ್ರೆ ನೀವು ಫಾರ್ಮ್ ತುಂಬಿದ್ದನ್ನ ಯಾಮಲ್ ಅನ್ನೋ ಅರ್ಜಿ ರೂಪಕ್ಕೆ ತಿರುಗಿಸಿ ಕೆಳಗೆ ಕಳಿಸತ್ತೆ, ಜೊತೆಗೆ ಲಾಗ್ ನೋಡೋ ಜಾಗ, ಗ್ರಾಫ್, ಯಾರಿಗೆ ಏನು ಅಧಿಕಾರ ಅನ್ನೋ ಲೆಕ್ಕ ಇದನ್ನೆಲ್ಲಾ ಒಂದೇ ಕಡೆ ಕೂರಿಸತ್ತೆ. ಹಾಗಾಗಿ ಯಾವ ಪ್ಲಾಟ್‌ಫಾರ್ಮ್ ಬಳಸಿದ್ರೂ ಕೆಳಗಿನ ಆಟ ಗೊತ್ತಿದ್ರೆ ನಡೆಯತ್ತೆ, ಅದು ಗೊತ್ತಿಲ್ದೆ ಬರೀ ಮೆನು ಬಾಯಿಪಾಠ ಮಾಡಿದ್ರೆ ಮುಂದಿನ ವರ್ಷನ್‌ನಲ್ಲಿ ಬಟನ್ ಜಾಗ ಬದಲಾದ ತಕ್ಷಣ ಕಣ್ಣು ಕಟ್ಟಿ ಬಿಟ್ಟ ಹಾಗಾಗತ್ತೆ.

ಈಗ ಬಟನ್ ಒತ್ತಿ. ಕೆಟಲಾಗ್, ಇಮೇಜ್ ಇಂಥದ್ದು, ಪ್ರತಿ 3. ಅರ್ಜಿ ಹೋಗಿ ಸೇರೋದು ಎಪಿಐ ಸರ್ವರ್ ಅನ್ನೋ ಒಂದೇ ಬಾಗಿಲಿಗೆ. ಅದು ಅರ್ಜಿ ಸರಿಯಾಗಿ ತುಂಬಿದ್ದೀರಾ, ನಿಮಗೆ ಅಧಿಕಾರ ಇದೆಯಾ ಅಂತ ನೋಡಿ ಎಟ್‌ಸಿಡಿ ಅನ್ನೋ ಡೇಟಾಬೇಸ್‌ನಲ್ಲಿ ಬರ್ಕೊಳ್ಳತ್ತೆ. ಅಷ್ಟೇ, ನಿಮಗೆ "ಆಯ್ತು" ಅಂತ ಉತ್ತರ ಬಂದುಬಿಡತ್ತೆ, ಆ ಹೊತ್ತಿಗೆ ಇನ್ನೂ ಒಂದು ಕಂಟೇನರ್ ಕೂಡ ಹುಟ್ಟಿರಲ್ಲ! ಡಿಪ್ಲಾಯ್‌ಮೆಂಟ್ (ಈ ಅರ್ಜಿಯ ಹೆಸರೇ ಅದು) ನೋಡ್ಕೊಳ್ಳೋ ಕಂಟ್ರೋಲರ್ ಹೊಸ ಅರ್ಜಿ ಬಂದಿದ್ದು ನೋಡಿ ರೆಪ್ಲಿಕಾಸೆಟ್ ಅಂತ ಒಂದು ದಾಖಲೆ ಮಾಡತ್ತೆ, ರೆಪ್ಲಿಕಾಸೆಟ್ ನೋಡ್ಕೊಳ್ಳೋದು ಅದನ್ನ ನೋಡಿ "ಮೂರು ಇರಬೇಕು, ಸೊನ್ನೆ ಇದೆ" ಅಂತ ಮೂರು ಪಾಡ್‌ಗಳ ದಾಖಲೆ ಮಾಡತ್ತೆ, ಪಾಡ್ ಅಂದ್ರೆ ಒಂದೋ ಎರಡೋ ಕಂಟೇನರ್ ಒಟ್ಟಿಗೆ ವಾಸ ಮಾಡೋ ಮನೆ ಅಂದ್ಕೊಳ್ಳಿ, ಆಮೇಲೆ ಶೆಡ್ಯೂಲರ್ ಅನ್ನೋದು ಈ ಮೂರಕ್ಕೂ ಇನ್ನೂ ಜಾಗ ಗೊತ್ತಾಗಿಲ್ಲ ಅಂತ ನೋಡಿ ಯಾವ ಮೆಷಿನ್‌ನಲ್ಲಿ ಖಾಲಿ ಇದೆ ಅಂತ ಲೆಕ್ಕ ಹಾಕಿ ಹೆಸರು ಬರೆಯತ್ತೆ, ಕೊನೆಗೆ ಆ ಮೆಷಿನ್‌ನಲ್ಲಿ ಕೂತಿರೋ ಕ್ಯೂಬ್‌ಲೆಟ್ ತನ್ನ ಹೆಸರಿಗೆ ಕೆಲಸ ಬಂತು ಅಂತ ಇಮೇಜ್ ಎಳ್ಕೊಂಡು ಕಂಟೇನರ್ ಶುರು ಮಾಡ್ಸತ್ತೆ. ಇವರಲ್ಲಿ ಯಾರೂ ಯಾರಿಗೂ ಫೋನ್ ಮಾಡಲ್ಲ. ಎಲ್ಲರೂ ಎಪಿಐ ಸರ್ವರ್ ಬರ್ಕೊಂಡ ಅದೇ ಒಂದು ದಾಖಲೆ ಪುಸ್ತಕ ನೋಡ್ತಾ, ತನಗೆ ಸಂಬಂಧಪಟ್ಟ ಸಾಲು ಬಂದ್ರೆ ತನ್ನ ಪಾಲಿನ ಕೆಲಸ ಮಾಡಿ ಅದರಲ್ಲೇ ಷರಾ ಬರೆದು ಸುಮ್ನಾಗ್ತಾರೆ. (ಮೆಷಿನ್‌ಗೆ ಇವರು "ನೋಡ್" ಅಂತಾರೆ, "ನೋಡ್ ನೋಡು" ಅಂತ ಯಾರಾದ್ರೂ ಹೇಳಿದ್ರೆ ನಗಬೇಡಿ.)

ಇದನ್ನ ಕಣ್ಣಾರೆ ನೋಡ್ಬೇಕಂದ್ರೆ ಒಂದು ಓಡ್ತಿರೋ ಪಾಡ್‌ನ ಬೇಕಂತಲೇ ಡಿಲೀಟ್ ಮಾಡಿ. ಪಟ್ಟಿಯಲ್ಲಿ ಅದು "ಟರ್ಮಿನೇಟಿಂಗ್" ಅಂತ ಬದಲಾಗ್ತಿದ್ದ ಹಾಗೇ ಅದರ ಕೆಳಗೆ ಹೊಸದೊಂದು ಬೇರೆ ಹೆಸರಿನ ಬಾಲ ಹಚ್ಕೊಂಡು ಎದ್ದು ಬರತ್ತೆ, "ವಯಸ್ಸು 2 ಸೆಕೆಂಡ್" ಅಂತ. ಯಾರೂ ಏನೂ ಒತ್ತಿಲ್ಲ. ಅರ್ಜೀಲಿ ಮೂರು ಅಂತಿದೆ, ಎಣಿಸಿದ್ರೆ ಎರಡಿದೆ, ಇನ್ನೊಂದು ಬೇಕು, ಅಷ್ಟೆ ಅದರ ಯೋಚನೆ. ಹೊಸಬರು ಒಂದು ಸರ್ವೀಸ್ ನಿಲ್ಲಿಸೋಕೆ ಅಂತ ಪಾಡ್ ಡಿಲೀಟ್ ಮಾಡಿ ಮಾಡಿ ಸುಸ್ತಾಗೋದು ಇದಕ್ಕೇ. ನಿಲ್ಲಿಸ್ಬೇಕಂದ್ರೆ ಅರ್ಜಿ ತಿದ್ದಿ ಸೊನ್ನೆ ಅಂತ ಬರೀರಿ.

ಸರಿ, ಪಾಡ್ ಎದ್ದಿದೆ. ಫ್ರಂಟ್‌ಗೆ ಕೆಟಲಾಗ್ ಎಲ್ಲಿದೆ ಅಂತ ಹೇಗೆ ಗೊತ್ತಾಗ್ಬೇಕು? ಪಾಡ್‌ಗೆ ಒಂದು ಐಪಿ, ಅಂದ್ರೆ ನೆಟ್‌ವರ್ಕ್ ವಿಳಾಸ ಇದೆ, ಆದ್ರೆ ಅದು ಸತ್ತು ಹೊಸದು ಹುಟ್ಟಿದಾಗ ಐಪಿನೂ ಹೊಸದು, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಅದಕ್ಕೆ ಸರ್ವೀಸ್ ಅನ್ನೋ ಇನ್ನೊಂದು ದಾಖಲೆ. (ಮೈಕ್ರೋಸರ್ವೀಸ್ ಬೇರೆ, ಕುಬರ್ನೆಟಿಸ್‌ನ ಸರ್ವೀಸ್ ಬೇರೆ, ಒಂದೇ ಪದ ಎರಡು ಕಡೆ ಇಟ್ಟು ಎಷ್ಟು ಜನರ ತಲೆ ತಿಂದಿದ್ದಾರೋ.) ಸರ್ವೀಸ್‌ಗೆ ಬದಲಾಗದ ಹೆಸರು, ಬದಲಾಗದ ಐಪಿ. ಫ್ರಂಟ್ ಸುಮ್ನೆ "ಕೆಟಲಾಗ್" ಅಂತ ಹೆಸರು ಕೂಗಿದ್ರೆ ಕ್ಲಸ್ಟರ್ (ಈ ಮೆಷಿನ್‌ಗಳ ಇಡೀ ಗುಂಪು) ಒಳಗಿನ ಡಿಎನ್‌ಎಸ್ ಆ ಐಪಿ ಕೊಡತ್ತೆ, ಅಲ್ಲಿಗೆ ಹೋಗಿದ್ದು ಮೂರು ಪಾಡ್‌ಗಳಲ್ಲಿ ಒಂದಕ್ಕೆ ಹೋಗಿ ಬೀಳತ್ತೆ. ಒಂದೇ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್ ಒಳಗೆ ಬೇರೆ ಬೇರೆ ಕೋಣೆ ಮಾಡಿಟ್ಟ ಹಾಗೆ) ಇದ್ರೆ ಬರೀ ಹೆಸರು ಸಾಕು, ಬೇರೆ ನೇಮ್‌ಸ್ಪೇಸ್ ಆದ್ರೆ ಹೆಸರಾದ ಮೇಲೆ ಚುಕ್ಕಿ ಇಟ್ಟು ಆ ನೇಮ್‌ಸ್ಪೇಸ್ ಹೆಸರೂ ಬೇಕು.

ಆದ್ರೆ ಯಾವ ಪಾಡ್‌ಗಳು ತನ್ನವು ಅಂತ ಸರ್ವೀಸ್‌ಗೆ ಗೊತ್ತಾಗೋದು ಬರೀ ಚೀಟಿ ನೋಡಿ. ಪಾಡ್ ಮೇಲೆ "ಆಪ್: ಕೆಟಲಾಗ್" ಅಂತ ಲೇಬಲ್ ಅಂಟಿಸಿರ್ತೀರ, ಸರ್ವೀಸ್‌ನ ಸೆಲೆಕ್ಟರ್‌ನಲ್ಲೂ ಅದೇ "ಆಪ್: ಕೆಟಲಾಗ್" ಇರಬೇಕು. ಮೊದಲಲ್ಲಿ ಹೇಳಿದ ಖಾಲಿ ಪುಟದ ಕಥೆಗೆ ಬನ್ನಿ. ಸೆಲೆಕ್ಟರ್‌ನಲ್ಲಿ "ಕೆಟಲಾಗ್ಸ್" ಅಂತ ಇತ್ತು. ಒಂದು ಅಕ್ಷರ ಜಾಸ್ತಿ. ಪಾಡ್‌ಗಳು ಚೆನ್ನಾಗೇ ಓಡ್ತಿವೆ, ಅದಕ್ಕೇ ಹಸಿರು. ಸರ್ವೀಸ್ ಕೂಡ ಇದೆ, ಹೆಸರು ಸಿಗತ್ತೆ, ಐಪಿ ಸಿಗತ್ತೆ, ಆದ್ರೆ ಅದರ ಬೆನ್ನ ಹಿಂದೆ ಯಾರೂ ಇಲ್ಲ. ಎಂಡ್‌ಪಾಯಿಂಟ್ಸ್ ಅನ್ನೋ ಕಾಲಂ ತೆಗೆದು ನೋಡಿದ್ರೆ ಮೂರು ಐಪಿ ಇರಬೇಕಾದ ಕಡೆ "none", ಅಂದ್ರೆ ಒಂದೂ ಇಲ್ಲ. ಇದೇ ತಪ್ಪನ್ನ ಡಿಪ್ಲಾಯ್‌ಮೆಂಟ್ ಅರ್ಜಿ ಒಳಗೆ ಮಾಡಿದ್ರೆ, ಅಂದ್ರೆ ಅದರ ಸೆಲೆಕ್ಟರ್ ಒಂದು ಲೇಬಲ್ ಇನ್ನೊಂದು ಇದ್ರೆ, ಎಪಿಐ ಸರ್ವರ್ ಬಾಗಿಲಲ್ಲೇ ತಿರುಗಿಸಿ ಕಳಿಸತ್ತೆ. ಸರ್ವೀಸ್‌ನಲ್ಲಿ ಮಾಡಿದ್ರೆ ಕೇಳೋರಿಲ್ಲ, ಯಾಕಂದ್ರೆ ಈಗ ಹೊಂದೋ ಪಾಡ್ ಇಲ್ಲದಿದ್ರೂ ಮುಂದೆ ಬರಬಹುದಲ್ಲ, ಅದು ನ್ಯಾಯವಾದ ಅರ್ಜಿನೇ. ಇದರ ಅಣ್ಣ ಇನ್ನೊಂದಿದೆ, ಪೋರ್ಟ್ (ಪ್ರೋಗ್ರಾಂ ಕಾಯ್ತಾ ಕೂರೋ ಬಾಗಿಲ ನಂಬರ್) ತಪ್ಪು. ಪ್ರೋಗ್ರಾಂ 9080ರಲ್ಲಿ ಕಿವಿ ಕೊಟ್ಕೊಂಡು ಕೂತಿದೆ, ಸರ್ವೀಸ್‌ನಲ್ಲಿ ಟಾರ್ಗೆಟ್ ಪೋರ್ಟ್ 8080 ಅಂತ ಹಾಕಿದ್ದೀರ. ಆಗ ಎಂಡ್‌ಪಾಯಿಂಟ್ಸ್‌ನಲ್ಲಿ ಐಪಿಗಳು ಸರಿಯಾಗಿ ಕಾಣ್ತವೆ, ಕನೆಕ್ಷನ್ ಮಾತ್ರ ರೆಫ್ಯೂಸ್ಡ್. ಹಾಗಾಗಿ ಎಂಡ್‌ಪಾಯಿಂಟ್ ಖಾಲಿ ಇದ್ರೆ ಲೇಬಲ್ ನೋಡಿ ಅಥವಾ ಪಾಡ್ ರೆಡಿ ಇದೆಯಾ ನೋಡಿ, ತುಂಬಿದ್ದೂ ಕೆಲಸ ಆಗ್ತಿಲ್ಲ ಅಂದ್ರೆ ಪೋರ್ಟ್ ನೋಡಿ.

ರೆಡಿ ಅಂದೆ. ಇದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನಾನು ಪೆಟ್ಟು ತಿಂದಿದ್ದು ಇಲ್ಲೇ.

ರನ್ನಿಂಗ್ ಅಂದ್ರೆ ಪ್ರೋಗ್ರಾಂ ಶುರುವಾಗಿದೆ ಅಂತ ಅಷ್ಟೆ, ಕೆಲಸಕ್ಕೆ ತಯಾರಾಗಿದೆ ಅಂತಲ್ಲ. ಡೇಟಾಬೇಸ್ ಕನೆಕ್ಷನ್ ಆಗಬೇಕು, ಕ್ಯಾಶ್ ತುಂಬ್ಕೋಬೇಕು, ಜಾವಾ ಆದ್ರೆ ಮೈ ಮುರಿದು ಏಳೋಕೇ ಅರ್ಧ ನಿಮಿಷ. ಅದನ್ನ ಕೇಳಿ ತಿಳ್ಕೊಳ್ಳೋಕೆ ಪ್ರೋಬ್ ಅಂತ ಇಟ್ಟಿದ್ದಾರೆ, ಮಾಮೂಲಿ ಲೆಕ್ಕದಲ್ಲಿ 10 ಸೆಕೆಂಡಿಗೊಂದು ಸಲ ಬಾಗಿಲು ತಟ್ಟತ್ತೆ, 1 ಸೆಕೆಂಡ್ ಒಳಗೆ ಉತ್ತರ ಬರಬೇಕು, ಸತತ 3 ಸಲ ಬರಲಿಲ್ಲ ಅಂದ್ರೆ ಫೇಲ್. ರೆಡಿನೆಸ್ ಪ್ರೋಬ್ ಫೇಲ್ ಆದ್ರೆ ಆ ಪಾಡ್‌ನ ಸರ್ವೀಸ್ ಪಟ್ಟಿಯಿಂದ ಸ್ವಲ್ಪ ಹೊತ್ತು ಹೊರಗಿಡ್ತಾರೆ, ಪಾಡ್ ಬದುಕಿರತ್ತೆ, ಟ್ರಾಫಿಕ್ ಬರಲ್ಲ, ಸುಧಾರಿಸ್ಕೊಂಡ್ರೆ ವಾಪಸ್ ಸೇರಿಸ್ಕೊಳ್ತಾರೆ. ಲೈವ್‌ನೆಸ್ ಪ್ರೋಬ್ ಫೇಲ್ ಆದ್ರೆ ಕಂಟೇನರ್‌ನ ಕೊಂದು ಮತ್ತೆ ಶುರು ಮಾಡ್ತಾರೆ. ಒಂದು ರಜೆ ಕೊಟ್ಟ ಹಾಗೆ, ಇನ್ನೊಂದು ಕೆಲಸದಿಂದ ತೆಗೆದ ಹಾಗೆ, ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ.

ಹಿಂದೆ ಒಂದು ಟೀಮ್‌ನಲ್ಲಿ ಇದ್ದಾಗ ನಾನೇ ಬುದ್ಧಿವಂತ ಅಂದ್ಕೊಂಡು ಲೈವ್‌ನೆಸ್ ಪ್ರೋಬ್ ಒಳಗೆ ಡೇಟಾಬೇಸ್‌ಗೆ ಒಂದು ಸಣ್ಣ ಕ್ವೆರಿ ಹಾಕಿ ನೋಡೋ ಹಾಗೆ ಬರೆದಿದ್ದೆ, ಡೇಟಾಬೇಸ್ ಇಲ್ಲ ಅಂದ್ಮೇಲೆ ಸರ್ವೀಸ್ ಬದುಕಿದ್ದು ಏನು ಪ್ರಯೋಜನ ಅಂತ. ಒಂದು ದಿನ ಡೇಟಾಬೇಸ್ ಸ್ವಲ್ಪ ನಿಧಾನ ಆಯ್ತು. ಸತ್ತಿಲ್ಲ, ಬರೀ ನಿಧಾನ, ಕ್ವೆರಿಗೆ ಒಂದೂವರೆ ಸೆಕೆಂಡ್. ಎಲ್ಲಾ ಪಾಡ್‌ಗಳ ಪ್ರೋಬ್ ಒಟ್ಟಿಗೆ ಫೇಲ್, ಎಲ್ಲಾ ಪಾಡ್ ಒಟ್ಟಿಗೆ ರೀಸ್ಟಾರ್ಟ್, ಎದ್ದ ತಕ್ಷಣ ಎಲ್ಲಾ ಸೇರಿ ಡೇಟಾಬೇಸ್‌ಗೆ ಹೊಸ ಕನೆಕ್ಷನ್ ಕೇಳೋಕೆ ಮುಗಿಬಿದ್ವು, ಅದು ಇನ್ನೂ ನಿಧಾನ ಆಯ್ತು, ಮತ್ತೆ ಪ್ರೋಬ್ ಫೇಲ್. ಬಿದ್ದವರ ಮೇಲೆ ಕಲ್ಲು ಹಾಕಿದ ಹಾಗೆ. ರೀಸ್ಟಾರ್ಟ್ ಕಾಲಂ ನಾಲ್ಕು, ಐದು, ಆರು ಅಂತ ಏರೋದನ್ನ ನೋಡ್ತಾ ಕೂತಿದ್ದೆ, ಆಮೇಲೆ "ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್" ಅಂತ ಕೆಂಪಗೆ ಬಂತು. ಅಂದ್ರೆ ಪದೇ ಪದೇ ಬೀಳ್ತಿದೆ, ಇನ್ನು ಸ್ವಲ್ಪ ತಡೆದು ಎಬ್ಬಿಸ್ತೀನಿ ಅಂತ, ಮೊದಲು 10 ಸೆಕೆಂಡ್ ಬಿಟ್ಟು, ಆಮೇಲೆ 20, 40, ಹೀಗೆ ದುಪ್ಪಟ್ಟು ಆಗ್ತಾ 5 ನಿಮಿಷದ ತನಕ ಹೋಗತ್ತೆ. ಕೊನೆಗೆ ಡೇಟಾಬೇಸ್ ಸರಿ ಹೋದ್ಮೇಲೂ ಪಾಡ್‌ಗಳು ಆ 5 ನಿಮಿಷದ ಶಿಕ್ಷೆ ಮುಗಿಸೋ ತನಕ ಏಳ್ಲಿಲ್ಲ. ಅವತ್ತಿಂದ ನನ್ನ ನಿಯಮ: ಲೈವ್‌ನೆಸ್ ತನ್ನೊಳಗನ್ನ ಮಾತ್ರ ನೋಡ್ಕೋಬೇಕು, ಪಕ್ಕದ ಮನೆಯವ್ರಿಗೆ ಜ್ವರ ಬಂತು ಅಂತ ನಾನು ಸಾಯ್ಬಾರ್ದು. ಡೇಟಾಬೇಸ್ ವಿಚಾರ ರೆಡಿನೆಸ್‌ಗೆ ಹಾಕೋದಿದ್ರೂ ಯೋಚನೆ ಮಾಡಿ ಹಾಕಿ, ಎಲ್ಲಾ ಪಾಡ್ ಒಟ್ಟಿಗೆ ಪಟ್ಟಿಯಿಂದ ಹೊರಗೆ ಹೋದ್ರೆ ಎರರ್ ಪೇಜ್ ತೋರಿಸೋಕೂ ಯಾರೂ ಇರಲ್ಲ. ನಿಧಾನಕ್ಕೆ ಏಳೋ ಪ್ರೋಗ್ರಾಂಗೆ ಸ್ಟಾರ್ಟಪ್ ಪ್ರೋಬ್ ಅಂತ ಬೇರೇನೇ ಇದೆ, ಅದು ಪಾಸ್ ಆಗೋ ತನಕ ಉಳಿದ ಎರಡೂ ಸುಮ್ನಿರ್ತವೆ.

ಇದರ ಜೊತೆಗೇ ಬರೋ ಪ್ರಶ್ನೆ, ಯಾವ ಸರ್ವೀಸ್ ಮೊದಲು ಶುರು ಮಾಡ್ಬೇಕು? ಡೇಟಾಬೇಸ್ ಮೊದಲು, ಆಮೇಲೆ ಕೆಟಲಾಗ್, ಆಮೇಲೆ ಫ್ರಂಟ್ ಅಂತ ಕ್ರಮ ಇಡೋಕೆ ಜಾಗ ಹುಡುಕ್ತಾರೆ, ಡಿಪ್ಲಾಯ್‌ಮೆಂಟ್‌ಗಳ ಮಧ್ಯೆ ಅಂಥ ಕ್ರಮ ಇಲ್ಲ. ಎಲ್ಲಾ ಒಟ್ಟಿಗೆ ಏಳ್ತವೆ, ಬೇಕಾದವ್ನು ಸಿಗದಿದ್ರೆ ಸ್ವಲ್ಪ ಕಾದು ಮತ್ತೆ ಕೇಳೋ ಬುದ್ಧಿ ನಿಮ್ಮ ಕೋಡ್‌ನಲ್ಲೇ ಇರಬೇಕು. ಬೇಜಾರಾಗತ್ತೆ, ಆದ್ರೆ ಮಧ್ಯರಾತ್ರಿ ಡೇಟಾಬೇಸ್ ಒಂದೇ ರೀಸ್ಟಾರ್ಟ್ ಆದಾಗ ಕ್ರಮ ನೆಚ್ಕೊಂಡವ್ರು ಸಿಕ್ಕಿ ಬೀಳ್ತಾರೆ, ಮತ್ತೆ ಕೇಳೋಕೆ ಕಲಿತವ್ರು ಬದುಕ್ತಾರೆ.

ಮೆಮೊರಿ, ಸಿಪಿಯು ಲೆಕ್ಕ. ಫಾರ್ಮ್‌ನಲ್ಲಿ ರಿಕ್ವೆಸ್ಟ್, ಲಿಮಿಟ್ ಅಂತ ಎರಡು ಡಬ್ಬಿ ಇರತ್ತೆ, ತುಂಬಾ ಜನ ಖಾಲಿ ಬಿಟ್ಟು ಮುಂದೆ ಹೋಗ್ತಾರೆ. ರಿಕ್ವೆಸ್ಟ್ ಅಂದ್ರೆ ಇಷ್ಟು ಜಾಗ ನನಗೆ ಕಾದಿರಿಸು ಅನ್ನೋದು, ಶೆಡ್ಯೂಲರ್ ಮೆಷಿನ್ ಹುಡುಕೋದು ಇದನ್ನ ನೋಡಿ, ನಿಜವಾಗ್ಲೂ ಎಷ್ಟು ಬಳಸ್ತಿದ್ದೀರ ಅಂತ ಅದು ನೋಡಲ್ಲ. ಹಾಗಾಗಿ ಮೆಷಿನ್‌ಗಳು ಗ್ರಾಫ್‌ನಲ್ಲಿ ಅರ್ಧ ಖಾಲಿ ಕಾಣ್ತಿದ್ರೂ ನಿಮ್ಮ ಪಾಡ್ "ಪೆಂಡಿಂಗ್" ಅಂತ ಕೂತಿರಬಹುದು, ಎಲ್ಲಾ ಸೀಟಿಗೂ ಟವೆಲ್ ಹಾಕಿಟ್ಟಿದ್ದಾರೆ, ಕೂತವ್ರು ಮಾತ್ರ ಕಮ್ಮಿ. ಲಿಮಿಟ್ ಅಂದ್ರೆ ಇದನ್ನ ದಾಟಬೇಡ ಅಂತ ಗೆರೆ. ಸಿಪಿಯು ಗೆರೆ ದಾಟೋಕೆ ಹೋದ್ರೆ ಪ್ರೋಗ್ರಾಂನ ನಿಧಾನ ಮಾಡ್ತಾರೆ, ಮೆಮೊರಿ ಗೆರೆ ದಾಟಿದ್ರೆ ಕರ್ನಲ್ ಸೀದಾ ಕೊಂದುಹಾಕತ್ತೆ. "ಓಓಎಂ ಕಿಲ್ಡ್" (ಔಟ್ ಆಫ್ ಮೆಮೊರಿ), ಎಕ್ಸಿಟ್ ಕೋಡ್ 137. ಈ 137 ಎಲ್ಲಿಂದ ಬಂತು ಅಂದ್ರೆ 128 ಕೂಡಿಸು 9, ಒಂಬತ್ತನೇ ಸಿಗ್ನಲ್ ಅಂದ್ರೆ ಕೊನೇ ಮಾತಿಗೂ ಅವಕಾಶ ಇಲ್ದೆ ಕೊಲ್ಲೋದು, ಅದಕ್ಕೇ ಲಾಗ್‌ನಲ್ಲಿ ಏನೂ ಎರರ್ ಇಲ್ದೆ ಅರ್ಧ ಸಾಲಿಗೆ ನಿಂತಿರತ್ತೆ. ಲಾಗ್ ಓದಿ ಓದಿ ಏನೂ ಸಿಗ್ತಿಲ್ಲ ಅಂದ್ರೆ ಎಕ್ಸಿಟ್ ಕೋಡ್ ನೋಡಿ.

ತಾನಾಗೇ ದೊಡ್ಡದಾಗೋ ಆಟೋಸ್ಕೇಲಿಂಗ್‌ಗೂ ಇದೇ ರಿಕ್ವೆಸ್ಟ್ ಬೇಕು. ಸಿಪಿಯು 60% ಇರಲಿ ಅಂತ ನೀವು ಹೇಳಿದ್ರೆ ಆ 60 ಅನ್ನೋದು ರಿಕ್ವೆಸ್ಟ್‌ನಲ್ಲಿ 60, ಮೆಷಿನ್‌ನಲ್ಲಿ ಅಲ್ಲ. ಈಗ 3 ಪಾಡ್ ಸರಾಸರಿ 90% ಓಡ್ತಿದ್ರೆ ಲೆಕ್ಕ 3 ಗುಣಿಸು 90 ಭಾಗಿಸು 60, ನಾಲ್ಕೂವರೆ, ಮೇಲಕ್ಕೆ ಏರಿಸಿ 5 ಪಾಡ್. ರಿಕ್ವೆಸ್ಟ್ ಡಬ್ಬಿ ಖಾಲಿ ಬಿಟ್ಟಿದ್ರೆ ಯಾವುದರ 60 ಅಂತ ಗೊತ್ತಾಗ್ದೆ ಅದು ಸುಮ್ನೆ ಕೂತುಬಿಡತ್ತೆ.

ಪಾಸ್‌ವರ್ಡ್, ಡೇಟಾಬೇಸ್ ವಿಳಾಸ ಇಂಥವನ್ನ ಇಮೇಜ್ ಒಳಗೆ ಹುದುಗಿಸಬೇಡಿ, ಮಾಮೂಲಿ ಸೆಟ್ಟಿಂಗ್‌ಗೆ ಕಾನ್ಫಿಗ್‌ಮ್ಯಾಪ್, ಗುಟ್ಟಿನದಕ್ಕೆ ಸೀಕ್ರೆಟ್. ಹೆಸರು ಸೀಕ್ರೆಟ್ ಅಂತಿದ್ರೂ ಅದರಲ್ಲಿ ಕಾಣೋ ಕಲಸುಮೇಲೋಗರ ಅಕ್ಷರ ಬರೀ ಬೇಸ್64, ಬೀಗ ಅಲ್ಲ, ಯಾರು ಬೇಕಾದ್ರೂ ಒಂದು ಕಮಾಂಡ್‌ನಲ್ಲಿ ಬಿಡಿಸಿ ಓದಬಹುದು, ಹಾಗಾಗಿ ಅದನ್ನ ಗಿಟ್‌ಗೆ (ಕೋಡ್ ಇಡೋ ಜಾಗ) ಹಾಕಿ ಸೇಫ್ ಅಂದ್ಕೋಬೇಡಿ. ಇನ್ನೊಂದು, ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ದ ಸೆಟ್ಟಿಂಗ್‌ನ ನೀವು ಬದಲಾಯಿಸಿದ್ರೆ ಓಡ್ತಿರೋ ಪಾಡ್‌ಗೆ ಅದು ತಿಳಿಯಲ್ಲ, ಪಾಡ್ ಹೊಸದಾಗಿ ಹುಟ್ಟಬೇಕು. "ಬದಲಾಯ್ಸಿದೀನಿ, ಆದ್ರೂ ಹಳೇದೇ ತೋರಿಸ್ತಿದೆ" ಅಂತ ಗೋಳಾಡೋರಲ್ಲಿ ಅರ್ಧಕ್ಕರ್ಧ ಜನರದ್ದು ಇದೇ ಕಥೆ.

ಹೊರಗಿನ ಬಳಕೆದಾರರು ಒಳಗೆ ಬರೋ ದಾರಿ ಬೇಗ ಹೇಳಿ ಮುಗಿಸ್ತೀನಿ. ಮಾಮೂಲಿ ಸರ್ವೀಸ್ ಕ್ಲಸ್ಟರ್ ಒಳಗೆ ಮಾತ್ರ ಕಾಣತ್ತೆ. ನೋಡ್‌ಪೋರ್ಟ್ ಹಾಕಿದ್ರೆ ಪ್ರತಿ ಮೆಷಿನ್‌ನಲ್ಲೂ 30000ದಿಂದ 32767ರ ಒಳಗೆ ಒಂದು ಪೋರ್ಟ್ ತೆರೆಯತ್ತೆ, ಪರೀಕ್ಷೆಗೆ ಸಾಕು. ನಿಜವಾದ ಬಳಕೆಗೆ ಇನ್‌ಗ್ರೆಸ್ ಅಥವಾ ಗೇಟ್‌ವೇ, ಒಂದೇ ಹೆಬ್ಬಾಗಿಲು, ವಿಳಾಸ ನೋಡಿ ಯಾವ ಸರ್ವೀಸ್‌ಗೆ ಅಂತ ಕಳಿಸತ್ತೆ. ನಮ್ಮ ನಾಲ್ಕರಲ್ಲಿ ಹೊರಗೆ ಕಾಣಬೇಕಾಗಿರೋದು ಫ್ರಂಟ್ ಒಂದೇ, ಎರವಲು ಸರ್ವೀಸ್‌ನ ಹೊರಗೆ ಬಿಡೋಕೆ ಕಾರಣವೇ ಇಲ್ಲ.

ಹೊಸ ವರ್ಷನ್ ಹಾಕೋದು ಮಾತ್ರ ನೋಡೋಕೆ ಚೆಂದ. ಇಮೇಜ್ ನಂಬರ್ ಬದಲಾಯಿಸಿ ಸೇವ್ ಮಾಡಿದ್ರೆ ಹಳೇ ರೆಪ್ಲಿಕಾಸೆಟ್ ಪಕ್ಕದಲ್ಲಿ ಹೊಸದೊಂದು ಬರತ್ತೆ, ಹೊಸದು ಒಂದೊಂದೇ ಏರ್ತಾ ಹಳೇದು ಒಂದೊಂದೇ ಇಳಿಯತ್ತೆ. ಮಾಮೂಲಿ ಸೆಟ್ಟಿಂಗ್ ಅಂದ್ರೆ 25% ಜಾಸ್ತಿ ಇರಬಹುದು, 25% ಕಮ್ಮಿ ಆಗಬಹುದು. 3 ಪ್ರತಿಗೆ ಲೆಕ್ಕ ಹಾಕಿದ್ರೆ ಎರಡೂ 0.75, ಆದ್ರೆ ಜಾಸ್ತಿಯನ್ನ ಮೇಲಕ್ಕೆ ಏರಿಸ್ತಾರೆ, ಕಮ್ಮಿಯನ್ನ ಕೆಳಕ್ಕೆ ಇಳಿಸ್ತಾರೆ, ಹಾಗಾಗಿ ಒಂದು ಜಾಸ್ತಿ ಆಗಬಹುದು, ಒಂದೂ ಕಮ್ಮಿ ಆಗಬಾರದು. ನಾಲ್ಕನೇದು ಹುಟ್ಟಿ ರೆಡಿ ಅಂದ ಮೇಲೇನೇ ಹಳೇದೊಂದು ಹೋಗೋದು. ಹೊಸ ವರ್ಷನ್ ಏಳ್ಲೇ ಇಲ್ಲ ಅಂದ್ರೆ ಹಳೇ ಮೂರೂ ಹಾಗೇ ಕೆಲಸ ಮಾಡ್ತಿರ್ತವೆ, ಬಳಕೆದಾರರಿಗೆ ಗೊತ್ತೇ ಆಗಲ್ಲ. ರೆಡಿನೆಸ್ ಪ್ರೋಬ್ ಇಡದವ್ರಿಗೆ ಈ ಕಾವಲು ಇಲ್ಲ, ಶುರುವಾದ ತಕ್ಷಣ ರೆಡಿ ಅಂತಲೇ ಲೆಕ್ಕ.

ಹಳೇ ಪಾಡ್ ಹೋಗೋವಾಗ ಅದಕ್ಕೆ ಮೊದಲು "ಮುಗಿಸ್ಕೋ" ಅಂತ ಸಿಗ್ನಲ್ ಬರತ್ತೆ, 30 ಸೆಕೆಂಡ್ ಸಮಯ, ಆಮೇಲೆ ಕೊಲ್ಲೋದು. ತೊಂದರೆ ಏನಂದ್ರೆ ಪಟ್ಟಿಯಿಂದ ಹೆಸರು ತೆಗೆಯೋದೂ ಸಿಗ್ನಲ್ ಕೊಡೋದೂ ಒಟ್ಟೊಟ್ಟಿಗೆ ನಡೆಯತ್ತೆ, ಬಾಗಿಲು ಮುಚ್ಚಿದ ಮೇಲೂ ಕೆಲವು ರಿಕ್ವೆಸ್ಟ್ ಬಂದು ತಟ್ಟಬಹುದು. ಪ್ರತಿ ಡಿಪ್ಲಾಯ್ ಹೊತ್ತಲ್ಲೂ ನಾಲ್ಕೈದು ಎರರ್ ಬಂದು ಮಾಯ ಆಗ್ತಿದ್ರೆ ಕಾರಣ ಬಹುಪಾಲು ಇದೇ, ನಿಲ್ಲೋಕೆ ಮುಂಚೆ ಐದು ಸೆಕೆಂಡ್ ಸುಮ್ನೆ ಕಾಯೋ ಹಾಗೆ ಪ್ರೀಸ್ಟಾಪ್ ಹುಕ್ ಹಾಕಿದ್ರೆ ನಿಲ್ಲತ್ತೆ. ಕೆಟ್ಟು ಹೋದ್ರೆ ರೋಲ್‌ಬ್ಯಾಕ್ ಬಟನ್ ಇದೆ, ಹಳೇ 10 ವರ್ಷನ್ ತನಕ ನೆನಪಿಟ್ಕೊಂಡಿರತ್ತೆ, ಆದ್ರೆ ಅದು ವಾಪಸ್ ತರೋದು ಪ್ರೋಗ್ರಾಂನ ಮಾತ್ರ, ಹೊಸ ವರ್ಷನ್ ಡೇಟಾಬೇಸ್‌ನಲ್ಲಿ ಕಾಲಂ ಅಳಿಸಿಬಿಟ್ಟಿದ್ರೆ ಅದು ವಾಪಸ್ ಬರಲ್ಲ.

ಹೊಸದನ್ನ ಮೊದಲು 10% ಜನಕ್ಕೆ ಮಾತ್ರ ತೋರಿಸೋಣ ಅನ್ನೋರಿಗೆ ಸರ್ವೀಸ್ ಮೆಶ್ ಇದೆ, ಸರ್ವೀಸ್‌ಗಳ ಮಧ್ಯದ ಟ್ರಾಫಿಕ್ ನೋಡ್ಕೊಳ್ಳೋದು, ಇಸ್ಟಿಯೋ ಥರದ್ದು. ಸಾಮಾನ್ಯವಾಗಿ ಪ್ರತಿ ಪಾಡ್‌ನಲ್ಲೂ ನಿಮ್ಮ ಕಂಟೇನರ್ ಪಕ್ಕ ಒಂದು ಪ್ರಾಕ್ಸಿ, ಅಂದ್ರೆ ಮಧ್ಯವರ್ತಿ, ತಂದು ಕೂರಿಸತ್ತೆ, ರೆಡಿ ಕಾಲಂನಲ್ಲಿ 1/1 ಇದ್ದಿದ್ದು 2/2 ಆಗಿದ್ದು ನೋಡಿ ಗಾಬರಿ ಆಗ್ಬೇಡಿ. ಇದನ್ನ ಕಲಿಯೋಕೆ ಇಸ್ಟಿಯೋದವ್ರದ್ದೇ ಬುಕ್‌ಇನ್ಫೋ ಅನ್ನೋ ಮಾದರಿ ಇದೆ, ಪೈಥಾನ್, ರೂಬಿ, ಜಾವಾ, ನೋಡ್‌ಜೆಎಸ್ ಹೀಗೆ ನಾಲ್ಕು ಭಾಷೆಯ ನಾಲ್ಕು ಸರ್ವೀಸ್, ಅದರಲ್ಲಿ ರಿವ್ಯೂಸ್‌ಗೆ ಮೂರು ವರ್ಷನ್, ಒಂದರಲ್ಲಿ ನಕ್ಷತ್ರ ಇಲ್ಲ, ಒಂದರಲ್ಲಿ ಕಪ್ಪು, ಒಂದರಲ್ಲಿ ಕೆಂಪು. ಪೇಜ್ ರಿಫ್ರೆಶ್ ಮಾಡ್ತಾ ಹೋದ್ರೆ ಟ್ರಾಫಿಕ್ ಎಲ್ಲಿಗೆ ಹೋಗ್ತಿದೆ ಅಂತ ನಕ್ಷತ್ರ ನೋಡಿ ಗೊತ್ತಾಗತ್ತೆ, ಇಂಥ ಸರಳ ಉಪಾಯ ಮಾಡಿದವ್ರಿಗೆ ನಮಸ್ಕಾರ. ಒಂದು ರಿಕ್ವೆಸ್ಟ್ ಯಾವ ಯಾವ ಸರ್ವೀಸ್ ದಾಟಿ ಎಲ್ಲಿ ತಡ ಆಯ್ತು ಅನ್ನೋ ಟ್ರೇಸ್ ಕೂಡ ಮೆಶ್ ಕೊಡತ್ತೆ, ಆದ್ರೆ ಬಂದ ಟ್ರೇಸ್ ಹೆಡರ್‌ಗಳನ್ನ ಮುಂದಿನ ಕಾಲ್‌ಗೆ ದಾಟಿಸೋ ಕೆಲಸ ನಿಮ್ಮ ಕೋಡ್‌ದೇ, ಮರೆತ್ರೆ ಟ್ರೇಸ್ ತುಂಡು ತುಂಡಾಗಿ ಬರತ್ತೆ.

ಕನ್ಸೋಲ್‌ನಲ್ಲಿ, ಅಂದ್ರೆ ಪ್ಲಾಟ್‌ಫಾರ್ಮ್ ಸ್ಕ್ರೀನ್ ಮೇಲೆ, ಒತ್ತಿ ಒತ್ತಿ ಮಾಡಿದ್ದು ಕಲಿಯೋಕೆ ಚೆನ್ನಾಗಿದೆ, ಆದ್ರೆ ಆ ಯಾಮಲ್‌ಗಳನ್ನ ಗಿಟ್‌ನಲ್ಲಿ ಇಟ್ಟು ಅಲ್ಲಿಂದಲೇ ಹಾಕೋ ಅಭ್ಯಾಸ ಬೇಗ ಮಾಡ್ಕೊಳ್ಳಿ. ಇಲ್ಲಾಂದ್ರೆ ಯಾರೋ ಅವಸರದಲ್ಲಿ ಕನ್ಸೋಲ್‌ನಲ್ಲಿ 3ನ್ನ 6 ಮಾಡಿರ್ತಾರೆ, ಮುಂದಿನ ಡಿಪ್ಲಾಯ್‌ನಲ್ಲಿ ಫೈಲ್‌ನಲ್ಲಿರೋ 3 ಬಂದು ಕೂರತ್ತೆ, ಯಾಕೆ ನಿಧಾನ ಆಯ್ತು ಅಂತ ಎಲ್ಲರೂ ಮುಖ ಮುಖ ನೋಡ್ಕೊಳ್ತಾರೆ.

ಕೊನೇದಾಗಿ, ಏನಾದ್ರೂ ಕೆಟ್ಟಾಗ ನಾನು ನೋಡೋ ಕ್ರಮ. ಮೊದಲು ಪಾಡ್ ಸ್ಥಿತಿ. ಪೆಂಡಿಂಗ್ ಅಂದ್ರೆ ಶೆಡ್ಯೂಲರ್ ಹತ್ರ ಅಥವಾ ಡಿಸ್ಕ್ ಹತ್ರ ನಿಂತಿದೆ, ಇಮೇಜ್‌ಪುಲ್‌ಬ್ಯಾಕ್‌ಆಫ್ ಅಂದ್ರೆ ಹೆಸರು ತಪ್ಪು ಅಥವಾ ರಿಜಿಸ್ಟ್ರಿ ಒಳಗೆ ಬಿಡ್ತಿಲ್ಲ, ಕ್ರ್ಯಾಶ್ ಆಗ್ತಿದೆ ಅಂದ್ರೆ ಲಾಗ್, ಅದೂ ಈಗಿನ ಕಂಟೇನರ್‌ದಲ್ಲ, ಸತ್ತ ಹಿಂದಿನದರದ್ದು, "ಪ್ರೀವಿಯಸ್" ಅನ್ನೋ ಆಯ್ಕೆ ಇರತ್ತೆ. ಎಲ್ಲಾ ಹಸಿರಾಗಿದ್ರೆ ಎಂಡ್‌ಪಾಯಿಂಟ್ಸ್. ಯಾವುದಾದ್ರೂ ಸರಿ, ಆ ಪಾಡ್‌ನ ಇವೆಂಟ್ಸ್ ಟ್ಯಾಬ್ ತೆಗೆದೇ ಮುಂದೆ ಹೋಗಿ, ಗುಮಾಸ್ತರು ಬರೆದ ಷರಾ ಎಲ್ಲಾ ಅಲ್ಲೇ ಇರೋದು, ಯಾಕೆ ಜಾಗ ಸಿಗಲಿಲ್ಲ, ಯಾವ ಪ್ರೋಬ್ ಯಾವಾಗ ಫೇಲ್ ಆಯ್ತು ಅಂತ. ಆದ್ರೆ ಅದು ಮಾಮೂಲಿಯಾಗಿ 1 ಗಂಟೆ ಮಾತ್ರ ಉಳಿಯತ್ತೆ. ರಾತ್ರಿ ಹನ್ನೊಂದಕ್ಕೆ ಬಿದ್ದಿದ್ದನ್ನ ಬೆಳಿಗ್ಗೆ ನೋಡೋಣ ಅಂತ ಮಲಗಿದ್ರೆ ಎದ್ದಾಗ ಆ ಪುಟ ಖಾಲಿ ಇರತ್ತೆ, ಹಾಗಾಗಿ ಬೇರೇನೂ ಮಾಡೋಕೆ ಮುಂಚೆ, ರೀಸ್ಟಾರ್ಟ್ ಒತ್ತೋಕೂ ಮುಂಚೆ, ಅದರದ್ದೊಂದು ಸ್ಕ್ರೀನ್‌ಶಾಟ್ ತಗೊಂಡಿಟ್ಕೊಳ್ಳಿ.